ಅಮ್ಮನ ಮರೆವು, ನನ್ನ ನಿದ್ದೆ

ಆ ದಿನ ಬೆಳಿಗ್ಗೆ ಅಮ್ಮನಿಗೆ ಮಾತ್ರೆ ಕೊಟ್ಟೆನೋ ಇಲ್ಲವೋ ನೆನಪಾಗಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ನೀರಿನ ಲೋಟ ಇತ್ತು. ಅದು ಅಮ್ಮ ಕುಡಿದಿಟ್ಟದ್ದೋ, ನಾನು ಕುಡಿದಿಟ್ಟದ್ದೋ ತಿಳಿಯಲಿಲ್ಲ. ಅವಳನ್ನು ಕೇಳುವಂತಿಲ್ಲ. ಐದು ನಿಮಿಷದ ಹಿಂದಿನ ಮಾತೂ ಅವಳಲ್ಲಿ ನಿಲ್ಲುವುದಿಲ್ಲ. ಕೊಟ್ಟಿಲ್ಲ ಅಂದುಕೊಂಡು ಕೊಟ್ಟೆ. ಹತ್ತು ಗಂಟೆಗೆ ಅವಳಿಗೆ ಹೊಟ್ಟೆ ತೊಳೆಸಿ ವಾಂತಿ ಶುರುವಾಯಿತು. ಮಾತ್ರೆಯ ಹಾಳೆ ತೆಗೆದು ಎಣಿಸಿದೆ. ಇರಬೇಕಾದ್ದಕ್ಕಿಂತ ಒಂದು ಕಡಿಮೆ ಇತ್ತು. ಎರಡು ಸಲ ಕೊಟ್ಟಿದ್ದೆ.

ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಅನ್ನುವ ಮಾತ್ರೆ ಅದು. ಜಾಸ್ತಿಯಾದರೆ ಹೃದಯದ ಬಡಿತ ನಿಧಾನವಾಗಬಹುದಂತೆ. ಊರಿನ ಡಾಕ್ಟರು ನಾಡಿ ನೋಡಿದರು, ಇಸಿಜಿ ಮಾಡಿಸಿದರು, ಸಂಜೆವರೆಗೆ ಅಲ್ಲೇ ಮಲಗಿಸಿಕೊಂಡರು. ಏನೂ ಆಗಲಿಲ್ಲ. ರಾತ್ರಿ ಮನೆಗೆ ಬಂದು ಅವಳಿಗೆ ಗಂಜಿ ಕುಡಿಸಿ ಮಲಗಿಸಿದೆ. ಆಮೇಲೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಮ್ಮನಿಗೆ ಬಂದದ್ದು ನನಗೂ ಬಂತು ಅಂತ ಅವತ್ತೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೆ. 2023ರ ಜೂನ್ ಅದು. ನನಗೆ ಆಗ 52 ವರ್ಷ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ನಾನು ಒಂದು ಸೇವಾ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಅಡಿಕೆ ಬೆಳೆಗಾರರ ಸಾಲ, ಜಮೆ, ಗೊಬ್ಬರದ ಬಾಬ್ತು, ಇವೇ ನನ್ನ ದಿನ. ಇಪ್ಪತ್ತೈದು ವರ್ಷದಲ್ಲಿ ನನ್ನ ಕೈಲಿ ಲೆಕ್ಕ ತಪ್ಪಿದ್ದು ಕಡಿಮೆ. ಆ ವರ್ಷ ಮಾತ್ರ ಬರೀ ತಪ್ಪು. 18,500 ಅನ್ನುವುದನ್ನು 15,800 ಅಂತ ಬರೆದೆ. ಒಬ್ಬರ ರಸೀದಿಯನ್ನು ಎರಡು ಸಲ ಹರಿದೆ. ಮೂವತ್ತು ವರ್ಷದಿಂದ ಗೊತ್ತಿರುವ ಮನುಷ್ಯ ಎದುರಿಗೆ ಬಂದು ನಿಂತರೂ ಹೆಸರು ನಾಲಿಗೆಗೆ ಬರಲಿಲ್ಲ. ಒಲೆ ಮೇಲಿಟ್ಟ ಹಾಲು ಉಕ್ಕಿ ತಳ ಹತ್ತಿದ ವಾಸನೆ ಬರುವವರೆಗೂ ಹಾಲಿಟ್ಟಿದ್ದೇ ಗೊತ್ತಿರಲಿಲ್ಲ.

ಅಮ್ಮನ ಕಥೆ ಸ್ವಲ್ಪ ಹೇಳಬೇಕು. ಅದಿಲ್ಲದೆ ನನ್ನದು ಅರ್ಥವಾಗುವುದಿಲ್ಲ.

2018ರಲ್ಲಿ ಅಪ್ಪ ಹೋದರು. ಮರುವರ್ಷದಿಂದ ಅಮ್ಮ ಕೇಳಿದ್ದನ್ನೇ ಕೇಳತೊಡಗಿದಳು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ನಾವು ಅದನ್ನು ದುಃಖ ಅಂದುಕೊಂಡೆವು. ನೆಂಟರು 'ಅರವತ್ತಕ್ಕೆ ಅರಳು ಮರಳು ಅಂತಾರೆ, ಇವಳಿಗೆ ಎಪ್ಪತ್ತು ದಾಟಿದೆ' ಅಂದರು. ಆ ಗಾದೆಯನ್ನು ನಂಬಿ ಎರಡು ವರ್ಷ ಕಳೆದೆವು ಅನ್ನುವುದು ನನಗೆ ಇವತ್ತಿಗೂ ಸಂಕಟ. ಒಂದು ದಿನ ಅವಳು ನಮ್ಮದೇ ತೋಟದಿಂದ ಮನೆಗೆ ಬರುವ ದಾರಿ ಗೊತ್ತಾಗದೆ ಹಳ್ಳದ ಹತ್ತಿರ ಕೂತಿದ್ದಳು. ನಲವತ್ತು ವರ್ಷ ದಿನಾ ಓಡಾಡಿದ ದಾರಿ ಅದು. ಅವತ್ತು ಎಚ್ಚರವಾಯಿತು.

2021ರಲ್ಲಿ ನಾನು, ತಮ್ಮ ಸೇರಿ ಅವಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ತಾಳಗುಪ್ಪದಿಂದ ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲು. ಪೂರ್ತಿ ರಾತ್ರಿ ಅವಳು 'ಎಲ್ಲಿಗೆ ಹೊಂಟಿದ್ದು?' ಅಂತ ಕೇಳುತ್ತಲೇ ಇದ್ದಳು. ಅಲ್ಲಿ ರಕ್ತಪರೀಕ್ಷೆ, ಎಂಆರ್‌ಐ ಆಯಿತು. ಆಮೇಲೆ ಕೂತು ಮಾತಾಡಿಸುವ ಪರೀಕ್ಷೆ. ಅದನ್ನು ಮಾಡಿದ ಹುಡುಗಿ ಅಮ್ಮನಿಗೆ ಕನ್ನಡದಲ್ಲಿ ಒಂದು ಪುಟ್ಟ ಕಥೆ ಹೇಳಿದಳು. ನಾಲ್ಕೈದು ಸಾಲು, ಅಷ್ಟೇ. ಸುಮಾರು ಅರ್ಧ ಗಂಟೆ ಬೇರೇನೇನೋ ಮಾಡಿಸಿ, 'ಅಜ್ಜೀ, ಆಗ ಒಂದು ಕಥೆ ಹೇಳಿದ್ನಲ್ಲ, ಅದನ್ನ ಹೇಳ್ತೀರಾ?' ಅಂದಳು. ಅಮ್ಮ ನಗುತ್ತಾ, 'ನಂಗ್ಯಾರೂ ಕಥೆ ಹೇಳಲೇ ಇಲ್ಲ ಕೂಸೇ' ಅಂದಳು. ಹುಡುಗಿ ಸುಳಿವು ಕೊಟ್ಟಳು. 'ಒಬ್ಬ ಹೆಂಗಸಿನ ಕಥೆ, ಸಂತೆಗೆ ಹೋಗಿದ್ಲು...' ಊಹೂಂ. ಗಡಿಯಾರ ಬರೆಯಲು ಹೇಳಿದಾಗ ಅಂಕಿಗಳೆಲ್ಲಾ ಒಂದೇ ಬದಿಗೆ ಬಂದು ಕೂತವು. ಆಲ್ಝೈಮರ್ ಕಾಯಿಲೆ ಅಂದರು.

ಅಮ್ಮನ ಹಗಲು ಕಷ್ಟವಲ್ಲ. ಅವಳು ಮೃದು ಸ್ವಭಾವದವಳು, ಸೊಪ್ಪು ಬಿಡಿಸಿಕೊಂಡು ಕೂರುತ್ತಾಳೆ. ಕಷ್ಟ ಸೂರ್ಯ ಇಳಿದ ಮೇಲೆ. ಹೊತ್ತು ಮುಳುಗುತ್ತಿದ್ದ ಹಾಗೆ ಅವಳಿಗೆ ಚಡಪಡಿಕೆ ಶುರುವಾಗುತ್ತದೆ. 'ಮನೆಗೆ ಹೋಗ್ವನ' ಅನ್ನುತ್ತಾಳೆ. ಇದೇ ಮನೆ ಅಮ್ಮ ಅಂದರೆ ಒಪ್ಪುವುದಿಲ್ಲ. ಅವಳು ಹೇಳುವ ಮನೆ ಶರಾವತಿ ಕಣಿವೆಯಲ್ಲಿ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿಹೋಯಿತು. ಆಗ ಅವಳಿಗೆ ಹದಿನೆಂಟು. ಆ ಮನೆಯ ಜಗುಲಿ, ಬಾವಿಕಟ್ಟೆ, ಹಲಸಿನ ಮರ ಎಲ್ಲವೂ ಅವಳಿಗೆ ಇವತ್ತೂ ಗೊತ್ತು. ಬೆಳಿಗ್ಗೆ ತಿಂದ ದೋಸೆ ಗೊತ್ತಿಲ್ಲ.

ರಾತ್ರಿ ಒಂದು ಗಂಟೆ ಸುಮಾರಿಗೆ ಏಳುತ್ತಾಳೆ. ಎರಡು ಸೀರೆ ಮಡಚಿ ಗಂಟು ಕಟ್ಟುತ್ತಾಳೆ. ಹೋಗಿ ಬಾಗಿಲಿನ ಚಿಲಕ ತೆಗೆಯುತ್ತಾಳೆ. ಹೊರಗೆ ಮಳೆ, ಕತ್ತಲೆ, ತೋಟ, ಹಳ್ಳ. ಹಾಗಾಗಿ ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಮಲಗುತ್ತಿದ್ದೆ ಅನ್ನುವುದಕ್ಕಿಂತ ಚಿಲಕದ ಸದ್ದಿಗೆ ಕಿವಿ ಕೊಟ್ಟುಕೊಂಡು ಬಿದ್ದಿರುತ್ತಿದ್ದೆ. ಎರಡು ವರ್ಷ ಹಾಗೆ.

ಮನೆಯವರು ನನಗಿಂತ ಮೊದಲೇ ಇದನ್ನು ಗಮನಿಸಿದ್ದರು. 'ನಿಂಗೆ ನಿದ್ದೆ ಇಲ್ಲ, ಅದಕ್ಕೇ ಹೀಗಾಗ್ತಿದೆ' ಅಂದರು. ನಾನು ಒಪ್ಪಲಿಲ್ಲ. ಅದಕ್ಕೆ ಕಾರಣವೂ ಇತ್ತು. 2022ರ ದೀಪಾವಳಿಗೆ ತಮ್ಮ ಬಂದು ಅಮ್ಮನನ್ನು ಒಂದೂವರೆ ತಿಂಗಳು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದ. ಈಗಾದರೂ ನಿದ್ದೆ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಖಾಲಿ ಹಾಸಿಗೆಯ ಪಕ್ಕದಲ್ಲಿ ಒಂದು ಗಂಟೆಗೆ ಸರಿಯಾಗಿ ಕಣ್ಣು ಬಿಡುತ್ತಿದ್ದೆ. ತೆಗೆಯುವವರು ಯಾರೂ ಇಲ್ಲದಿದ್ದರೂ ಕಿವಿ ಚಿಲಕದ ಮೇಲೆಯೇ. ಕಾರಣ ಹೋದ ಮೇಲೂ ನಿದ್ದೆ ಬರುತ್ತಿಲ್ಲ ಅಂದರೆ ಇದು ಮಿದುಳಿನದೇ ತೊಂದರೆ ಅಂತ ನನ್ನ ವಾದ.

ಊರಿನಲ್ಲಿ ಮದ್ದು ಹೇಳುವವರಿಗೆ ಬರವಿಲ್ಲ. ಮರೆವಿಗೆ ಅಂತ ಪಕ್ಕದ ಮನೆ ಅಕ್ಕ ತೋಟದ ಬದುವಿನಿಂದ ಒಂದೆಲಗ ಕಿತ್ತು ತಂದುಕೊಟ್ಟರು. ದಿನಾ ತಂಬುಳಿ ಮಾಡಿದೆ. ನಿದ್ದೆಗೆ ಅಂತ ಅತ್ತಿಗೆ ಗಸಗಸೆ ಪಾಯಸ ಹೇಳಿದರು. ಅದನ್ನೂ ಮಾಡಿದೆ. ಪಾಯಸ ಕುಡಿದ ದಿನ ಮೈ ಭಾರವಾಗುತ್ತಿತ್ತು, ಆದರೆ ಒಂದು ಗಂಟೆಗೆ ಎಚ್ಚರವಾಗುವುದು ತಪ್ಪುತ್ತಿರಲಿಲ್ಲ. ಅವರ ಪ್ರೀತಿಯನ್ನು ನಾನು ಮರೆಯುವುದಿಲ್ಲ. ತಂಬುಳಿ ಈಗಲೂ ಮಾಡುತ್ತೇನೆ, ರುಚಿಗೆ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ನೀ ಚಿಂತೆ ಬಿಡು ಮಾರಾಯ್ತಿ' ಅಂದವರೂ ಬಹಳ. ಆ ಮಾತು ಮಾತ್ರ ನನಗೆ ನೋವು ಕೊಡುತ್ತಿತ್ತು. ಬಿಡುವುದು ಗೊತ್ತಿದ್ದರೆ ಬಿಡುತ್ತಿರಲಿಲ್ಲವಾ?

ಮಾಡಬಾರದ ಒಂದು ಕೆಲಸವನ್ನೂ ಮಾಡಿದೆ. ನೆಂಟರೊಬ್ಬರು ತಾವು ತೆಗೆದುಕೊಳ್ಳುವ, ನಿದ್ದೆ ಬರಿಸುವ ಅಲ್ಪ್ರಾಜೋಲಾಂ ಮಾತ್ರೆಯಲ್ಲಿ ಒಂದು ಹಾಳೆ ಕೊಟ್ಟರು. 0.25 ಮಿ.ಗ್ರಾಂನದು. ಮೊದಲ ವಾರ ಸ್ವರ್ಗ. ಆಮೇಲೆ ಅದಿಲ್ಲದೆ ರೆಪ್ಪೆ ಮುಚ್ಚುತ್ತಿರಲಿಲ್ಲ. ಮೂರು ತಿಂಗಳು ನುಂಗಿದೆ. ಅಮ್ಮನಿಗೆ ಎರಡು ಸಲ ಮಾತ್ರೆ ಕೊಟ್ಟದ್ದು ಆ ಮೂರು ತಿಂಗಳ ಒಳಗೇ.

ಜೂನ್‌ನ ಆ ದಿನದ ನಂತರ ಊರಿನ ಡಾಕ್ಟರೇ ನನ್ನನ್ನು ಕೂರಿಸಿಕೊಂಡರು. ಥೈರಾಯಿಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ಎಲ್ಲಾ ಪರೀಕ್ಷೆ ಬರೆದರು. ಥೈರಾಯಿಡ್ ಕಡಿಮೆಯಾದರೂ ಬಿ12 ಕಡಿಮೆಯಾದರೂ ಮರೆವು ಬರುತ್ತದೆ, ಮಾತ್ರೆ ಇಂಜೆಕ್ಷನ್‌ನಲ್ಲಿ ಸರಿಹೋಗುವ ಮರೆವು ಅದು, ಮೊದಲು ಅದನ್ನು ನೋಡೋಣ ಅಂದರು. ನನಗೆ ಬಿ12 ಸ್ವಲ್ಪ ಕಡಿಮೆ ಇತ್ತು. ನಮ್ಮಂಥ ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯವಂತೆ. ಅದನ್ನು ಸರಿ ಮಾಡಿಕೊಂಡು, ಆಗಸ್ಟ್‌ನಲ್ಲಿ ಮತ್ತೆ ಅದೇ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಈ ಸಲ ಪರೀಕ್ಷೆ ನನಗೆ.

ಕೈಯಲ್ಲಿ ಒಂದು ನೋಟ್‌ಪುಸ್ತಕ ಇತ್ತು. ನಾನು ಮರೆತದ್ದನ್ನೆಲ್ಲಾ ದಿನಾಂಕ ಹಾಕಿ ಬರೆದಿದ್ದೆ. ಲೆಕ್ಕ ಬರೆಯುವವರ ಅಭ್ಯಾಸ ಅದು. ಎರಡೂವರೆ ಪುಟ ಆಗಿತ್ತು. ಡಾಕ್ಟರು ಅದನ್ನು ಪೂರ್ತಿ ಓದಿದರು. ಆಮೇಲೆ ಕೇಳಿದರು, 'ಇದನ್ನ ಬರೆದವರು ಯಾರು?'

'ನಾನೇ ಸರ್.'

'ಮನೆಯವರ ಹತ್ರ ಕೇಳಿ ಬರೆದ್ರಾ?'

'ಇಲ್ಲ. ಎಲ್ಲಾ ನನಗೇ ಗೊತ್ತಾಗಿದ್ದು.'

'ನಿಮ್ಮ ತಾಯಿಯವರಿಗೆ ಮರೆವು ಶುರುವಾಗಿದೆ ಅಂತ ಮೊದಲು ಹೇಳಿದ್ದು ಯಾರು?'

'ನಾವು. ಅಮ್ಮ ನಂಗೇನೂ ಆಗಿಲ್ಲ ಅಂತಿದ್ದಳು.'

ಅವರು ನೋಟ್‌ಪುಸ್ತಕ ವಾಪಸ್ ಕೊಟ್ಟು, 'ಏನು ಮರೆತೆ, ಯಾವಾಗ ಮರೆತೆ ಅಂತ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದೀರಿ' ಅಂದರು. ಇದೊಂದರಿಂದಲೇ ತೀರ್ಮಾನ ಮಾಡುವುದಿಲ್ಲ, ಕಾಯಿಲೆ ತೀರಾ ಶುರುವಿನಲ್ಲಿರುವ ಕೆಲವರಿಗೆ ತಮ್ಮ ಮರೆವು ತಾವೇ ಗೊತ್ತಾಗುತ್ತದೆ ಅಂತಲೂ ಹೇಳಿದರು. ಪರೀಕ್ಷೆ ಮಾಡೋಣ ಅಂದರು.

ಅದಕ್ಕೂ ಮೊದಲು ಬೇರೆ ಪ್ರಶ್ನೆಗಳು. ಗೊರಕೆ ಹೊಡೆಯುತ್ತೀರಾ? ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗಾಗುತ್ತದಾ? ಬೆಳಿಗ್ಗೆ ತಲೆನೋವು? ಬಿಪಿ? ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ ಇದ್ದರೆ ಎಂಟು ಗಂಟೆ ಮಲಗಿದರೂ ಮಿದುಳಿಗೆ ವಿಶ್ರಾಂತಿ ಇರುವುದಿಲ್ಲ, ಅದರಿಂದಲೂ ಮರೆವು ಬರುತ್ತದೆ. ನನಗೆ ಅದರ ಲಕ್ಷಣ ಇರಲಿಲ್ಲ. ಮುಟ್ಟು ನಿಂತಿದೆಯಾ ಅಂತ ಕೇಳಿದರು. ನಿಂತು ಒಂದು ವರ್ಷವಾಗಿತ್ತು. ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೆಂಗಸರಿಗೆ ಆ ವಯಸ್ಸಿನಲ್ಲಿ ನಿದ್ದೆ ಕೆಡುವುದಕ್ಕೆ ಅದೂ ದೊಡ್ಡ ಕಾರಣವಂತೆ. ನಮ್ಮ ಊರುಗಳಲ್ಲಿ ಎಷ್ಟು ಜನ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುತ್ತಾರೆ? ಹೇಳಬೇಕು. ಮನಸ್ಸು ಹೇಗಿದೆ, ಊಟ ಸೇರುತ್ತದಾ, ಬದುಕು ಸಾಕು ಅನ್ನಿಸುತ್ತದಾ ಅಂತಲೂ ಕೇಳಿದರು. ಖಿನ್ನತೆ ಇದ್ದಾಗಲೂ ಮರೆವಿನ ಕಾಯಿಲೆಯ ಹಾಗೇ ಕಾಣುತ್ತದಂತೆ.

ಆಮೇಲೆ ಪರೀಕ್ಷೆ. ಸುಮಾರು ಒಂದೂವರೆ ಗಂಟೆ. ಅಮ್ಮ ಕೂತಂಥದ್ದೇ ಕುರ್ಚಿಯಲ್ಲಿ ನಾನು ಕೂತಿದ್ದೆ, ಕೈ ಬೆವರುತ್ತಿತ್ತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. 93, 86, 79... ಅಲ್ಲಿ ನಿಂತುಬಿಟ್ಟೆ. ಎಷ್ಟರಿಂದ ಕಳೆಯಬೇಕು ಅನ್ನುವುದೇ ತಪ್ಪಿಹೋಯಿತು. ಇಪ್ಪತ್ತೈದು ವರ್ಷ ಲೆಕ್ಕ ಬರೆದವಳು ನಾನು. ಕಣ್ಣಲ್ಲಿ ನೀರು ಬಂತು. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದರಲ್ಲೂ ಎಡವಿದೆ. ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿ ಅಂದಾಗ ಹನ್ನೊಂದಕ್ಕೆ ನಿಂತೆ. ಗಡಿಯಾರ ಸರಿಯಾಗಿ ಬರೆದೆ. ಕಥೆ ಹೇಳಿದರು. ಅರ್ಧ ಗಂಟೆಯ ನಂತರ ಕೇಳಿದರು. ಮೊದಲ ಸಾಲು ಬಂತು, ನಡುವಿನದು ಬರಲಿಲ್ಲ. ಮುಗೀತು ಅಂದುಕೊಂಡೆ. ಆಗ ಅವರು ಸುಳಿವು ಕೊಟ್ಟರು. ಒಂದು ಪದ, ಅಷ್ಟೇ. ಉಳಿದ ಕಥೆ ಸರಸರ ಬಂದುಬಿಟ್ಟಿತು, ಹೆಸರು, ಊರು, ಕಳೆದುಹೋದ ದುಡ್ಡಿನ ಮೊತ್ತ ಸಹಿತ.

ಡಾಕ್ಟರು ಫಲಿತಾಂಶ ವಿವರಿಸುವಾಗ ಆ ಜಾಗಕ್ಕೇ ಬಂದರು. ಸುಳಿವು ಕೊಟ್ಟಾಗ ಬಂತು ಅಂದರೆ ಒಳಗೆ ಇದೆ. ತೆಗೆಯುವುದು ನಿಧಾನವಾಗಿದೆ. ಗಮನ ಬೇಗ ಜಾರುತ್ತಿದೆ, ಹಾಗಾಗಿ ಕೆಲವು ವಿಷಯ ಒಳಗೆ ಹೋಗುತ್ತಲೇ ಇಲ್ಲ. ನಿಮ್ಮ ತಾಯಿಯವರಿಗೆ ಸುಳಿವಿನಿಂದ ಉಪಯೋಗ ಆಗಲಿಲ್ಲ, ಕಥೆ ಕೇಳಿದ ನೆನಪೇ ಇರಲಿಲ್ಲ. ಅದು ಬೇರೆ, ಇದು ಬೇರೆ.

ನಾನು ಅದನ್ನು ನನ್ನ ಕಸುಬಿನ ಮಾತಿನಲ್ಲಿ ಅರ್ಥ ಮಾಡಿಕೊಂಡೆ. ಸಂಘದಲ್ಲಿ ಹಗಲು ನಡೆದ ವ್ಯವಹಾರವನ್ನೆಲ್ಲಾ ಮೊದಲು ಕಿರ್ದಿಗೆ ಬರೆಯುತ್ತೇವೆ. ಕೌಂಟರ್ ಮುಚ್ಚಿದ ಮೇಲೆ ಕಿರ್ದಿಯಿಂದ ಒಬ್ಬೊಬ್ಬರ ಖಾತೆಗೆ, ಲೆಡ್ಜರ್‌ಗೆ ಎತ್ತಿ ಬರೆಯುತ್ತೇವೆ. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಎರಡೂ ಬದಿಗೆ ಒಂದು ಪುಟ್ಟ ಭಾಗ ಇದೆ. ಅದು ಕಿರ್ದಿ. ಹೊಸದು ಮೊದಲು ಬಂದು ಬೀಳುವುದು ಅಲ್ಲಿ. ಅದನ್ನು ಮಿದುಳಿನ ಹೊರಪದರಕ್ಕೆ ಎತ್ತಿ ಬರೆಯುವ ಕೆಲಸ ಹೆಚ್ಚಾಗಿ ನಡೆಯುವುದು ನಿದ್ದೆಯಲ್ಲಿ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಜಾಸ್ತಿ, ಕನಸಿನ ನಿದ್ದೆ ಬೆಳಗಿನ ಜಾವದ ಕಡೆಗೆ ಜಾಸ್ತಿ. ಒಂದು ಗಂಟೆಗೆ ಎದ್ದು ಮೂರೂವರೆಯವರೆಗೆ ಕಣ್ಣು ಬಿಟ್ಟುಕೊಂಡಿದ್ದವಳಿಗೆ ಎರಡೂ ಸರಿಯಾಗಿ ಸಿಗುತ್ತಿರಲಿಲ್ಲ. ಅದರ ಮೇಲೆ, ಕೌಂಟರಿನಲ್ಲಿ ಕೂತ ಗುಮಾಸ್ತೆ ತೂಕಡಿಸುತ್ತಿದ್ದರೆ ಕಿರ್ದಿಗೇ ಬರೆಯುವುದಿಲ್ಲವಲ್ಲ. ಹಾಲು ಒಲೆ ಮೇಲಿಟ್ಟದ್ದನ್ನು ನಾನು ಮರೆತದ್ದಲ್ಲ. ಇಟ್ಟದ್ದು ನನ್ನ ಕಿರ್ದಿಗೆ ಬಿದ್ದೇ ಇರಲಿಲ್ಲ.

ಅಮ್ಮನದು ಹಾಗಲ್ಲ. ಅವಳ ಎಂಆರ್‌ಐ ಚಿತ್ರದಲ್ಲಿ ಆ ಭಾಗವೇ ಸೊರಗಿರುವುದನ್ನು ನಮಗೆ ತೋರಿಸಿದ್ದರು. ಕಿರ್ದಿಯ ಪುಸ್ತಕವೇ ಗೆದ್ದಲು ಹಿಡಿದ ಹಾಗೆ. ಇವತ್ತು ಬರೆದದ್ದು ಇವತ್ತೇ ಉದುರುತ್ತದೆ. ಹಳೆಯ ಲೆಡ್ಜರ್‌ಗಳು ಕಪಾಟಿನಲ್ಲಿ ಇನ್ನೂ ಇವೆ, ಅದಕ್ಕೇ ಮುಳುಗಿದ ಮನೆಯ ಬಾವಿಕಟ್ಟೆ ಗೊತ್ತು. ಗೆದ್ದಲು ಹೊಸದರಿಂದ ಹಳೆಯದರ ಕಡೆಗೆ ನಡೆಯುತ್ತಿದೆ. ಚೆನ್ನಾಗಿ ನಿದ್ದೆ ಮಾಡಿಸಿದರೆ ಅಮ್ಮ ಮರುದಿನ ಸ್ವಲ್ಪ ಸಮಾಧಾನವಾಗಿರುತ್ತಾಳೆ. ಉದುರಿದ ಹಾಳೆ ವಾಪಸ್ ಬರುವುದಿಲ್ಲ. ನನ್ನದು ವಾಪಸ್ ಬರುವ ಜಾತಿಯದು ಅಂದರು.

ಒಂದು ಪ್ರಶ್ನೆ ಗಂಟಲಲ್ಲೇ ಇತ್ತು, ಕೇಳಿಬಿಟ್ಟೆ. 'ನಿದ್ದೆ ಇಲ್ಲದೇ ಇದ್ರೆ ಮುಂದೆ ಅಮ್ಮನ ಕಾಯಿಲೆ ಬರುತ್ತಾ?' ಅವರು ಮುಚ್ಚಿಡಲಿಲ್ಲ. ಬ್ರಿಟನ್ನಿನಲ್ಲಿ ಸುಮಾರು 8,000 ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. 50-60ರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುವವರಲ್ಲಿ, ಏಳು ಗಂಟೆ ಮಲಗುವವರಿಗಿಂತ ಮರೆವಿನ ಕಾಯಿಲೆಯ ಸಂಭವ ಸುಮಾರು ಶೇ 30 ಹೆಚ್ಚಿತ್ತು. ಎರಡೂ ಜೊತೆಗೆ ಕಾಣುತ್ತವೆ ಅಂದಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಬರುತ್ತದೆ ಅಂತ ಹೇಳಲಾಗದು, ನಿಮ್ಮೊಬ್ಬರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ ಅಂದರು. ಈ ವಯಸ್ಸಿನಲ್ಲಿ ಬಿಪಿ, ಸಕ್ಕರೆ, ಕಿವಿ ಕೇಳಿಸುವುದು, ಓಡಾಟ, ಜನರ ಜೊತೆ ಬೆರೆಯುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಾಯಿಗೆ ಬಂದರೆ ಮಗಳಿಗೆ ಬಂದೇ ಬರುತ್ತದೆ ಅಂತಿಲ್ಲ. ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೆ ಹಿಡಿದುಕೊಳ್ಳಲು ಒಂದು ಕೆಲಸ ಸಿಕ್ಕಿತು.

ಕೆಲಸ ಅಂದರೆ ನಿದ್ದೆಯ ಲೆಕ್ಕ. ಎರಡು ವಾರ ಬರೆಯಲು ಹೇಳಿದರು. ಎಷ್ಟಕ್ಕೆ ಮಲಗಿದೆ, ಅಂದಾಜು ಎಷ್ಟಕ್ಕೆ ನಿದ್ದೆ ಬಂತು, ನಡುವೆ ಎಷ್ಟು ಹೊತ್ತು ಎಚ್ಚರ, ಎಷ್ಟಕ್ಕೆ ಎದ್ದೆ. ಒಂಬತ್ತೂವರೆಗೆ ಅಮ್ಮನ ಜೊತೆ ಹಾಸಿಗೆಗೆ ಹೋಗಿ ಐದೂವರೆಗೆ ಏಳುತ್ತಿದ್ದೆ. ಎಂಟು ಗಂಟೆ ಹಾಸಿಗೆಯಲ್ಲಿ. ನಿದ್ದೆ ಸರಾಸರಿ ನಾಲ್ಕು ಗಂಟೆ ಐವತ್ತು ನಿಮಿಷ. ಅಂದರೆ ನೂರಕ್ಕೆ ಅರವತ್ತು.

ಆಮೇಲೆ ಅವರು ಹೇಳಿದ್ದು ಕೇಳಿ ನಾನು ದಂಗಾದೆ. ಇನ್ನು ಮೇಲೆ ರಾತ್ರಿ ಹನ್ನೆರಡಕ್ಕಿಂತ ಮೊದಲು ಮಲಗಬಾರದು. ಬೆಳಿಗ್ಗೆ ಐದೂವರೆಗೆ ಏಳಲೇಬೇಕು, ರಾತ್ರಿ ಹೇಗೇ ಕಳೆದಿರಲಿ. ಹಗಲು ಮಲಗುವಂತಿಲ್ಲ. ಹಾಸಿಗೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು ಹೊರಗೆ ಬಂದು ಕೂರಬೇಕು, ಕಣ್ಣು ಎಳೆದಾಗ ಮಾತ್ರ ವಾಪಸ್ ಹೋಗಬೇಕು. ಗಡಿಯಾರ ನೋಡಬಾರದು. ಮಧ್ಯಾಹ್ನದ ನಂತರ ಚಹಾ, ಕಾಫಿ ಇಲ್ಲ. ಕಾಫಿಯೊಳಗಿನ ಕೆಫೀನ್ ಅರ್ಧಕ್ಕೆ ಇಳಿಯುವುದಕ್ಕೇ ಐದು ಗಂಟೆ ಸುಮಾರು ಬೇಕಂತೆ.

'ನಿದ್ದೆ ಇಲ್ಲ ಅಂತ ಬಂದವಳಿಗೆ ಮಲಗುವ ಹೊತ್ತನ್ನೇ ಕಡಿಮೆ ಮಾಡ್ತೀರಲ್ಲ ಸರ್' ಅಂದೆ. ಅವರು ಹೇಳಿದ್ದು ನನಗೆ ಮನಸ್ಸಿಗೆ ನಾಟಿತು. ನಿದ್ದೆ ಕೆಡಿಸಿದ್ದು ಅಮ್ಮನ ಚಿಲಕ. ಆಮೇಲೆ ಅದನ್ನು ಕೆಟ್ಟೇ ಇರುವಂತೆ ಮಾಡಿದ್ದು ನಾನು ಅದನ್ನು ಸರಿಮಾಡಲು ಮಾಡಿದ ಪ್ರಯತ್ನಗಳು. ಬೇಗ ಮಲಗಿದೆ, ಭಾನುವಾರ ಮಧ್ಯಾಹ್ನ ಮಲಗಿದೆ, ಮಾತ್ರೆ ನುಂಗಿದೆ, ಎದ್ದು ಎದ್ದು ಗಡಿಯಾರ ನೋಡಿದೆ. ಹಾಸಿಗೆ ಅಂದರೆ ಎಚ್ಚರವಾಗಿ ಬಿದ್ದಿರುವ ಜಾಗ ಅಂತ ಮೈಗೆ ಪಾಠವಾಗಿಹೋಗಿತ್ತು. ಅಮ್ಮ ಬೆಂಗಳೂರಿಗೆ ಹೋದಾಗಲೂ ನಿದ್ದೆ ಬಾರದಿದ್ದದ್ದು ಅದಕ್ಕೇ. ಈ ಚಿಕಿತ್ಸೆಗೆ ಸಿಬಿಟಿ-ಐ ಅನ್ನುತ್ತಾರೆ, ನಿದ್ದೆಯ ಬಗ್ಗೆ ಇರುವ ಯೋಚನೆ, ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆ. ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ವೈದ್ಯರ ಸಂಘ 2016ರಲ್ಲೇ ಹೇಳಿದೆಯಂತೆ. ನಮ್ಮಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ, ಇದು ನನಗೆ ಬೇಸರದ ಸಂಗತಿ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಮನಶ್ಶಾಸ್ತ್ರಜ್ಞೆ ನನ್ನ ಲೆಕ್ಕ ನೋಡುತ್ತಿದ್ದರು. ಅಲ್ಪ್ರಾಜೋಲಾಂ ಅನ್ನು ಒಮ್ಮೆಲೇ ನಿಲ್ಲಿಸಬೇಡಿ ಅಂದರು. ಡಾಕ್ಟರು ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು. ಆ ಮಾತ್ರೆಯೇ ಹೊಸ ನೆನಪು ಕೂರಲು ಬಿಡುವುದಿಲ್ಲ ಅಂತ ಆಗ ತಿಳಿಯಿತು.

ಮೊದಲ ಎರಡು ವಾರ ಹೇಗಿತ್ತು ಅಂತ ಬರೆಯಲು ಈಗಲೂ ಕಷ್ಟ. ಮಳೆ ಸುರಿಯುವ ರಾತ್ರಿ, ಮನೆಯವರೆಲ್ಲಾ ಮಲಗಿದ್ದಾರೆ, ನಾನು ಜಗುಲಿಯಲ್ಲಿ ಕಂಬಳಿ ಹೊದ್ದು ಹನ್ನೆರಡಾಗಲಿ ಅಂತ ಕಾಯುತ್ತಾ ಹತ್ತಿ ಹೊಸೆದು ಬತ್ತಿ ಮಾಡುತ್ತಿದ್ದೆ. ಒಂದು ಡಬ್ಬ ಬತ್ತಿ ಆಯಿತು. ಹಗಲು ಕಣ್ಣಿಗೆ ಮರಳು ಹಾಕಿದ ಹಾಗೆ. ಸ್ಕೂಟರ್ ಓಡಿಸಬೇಡಿ ಅಂದಿದ್ದರು, ಬಸ್ಸಿನಲ್ಲೇ ಸಂಘಕ್ಕೆ ಹೋಗುತ್ತಿದ್ದೆ. ಸಂಘದ ಕಾರ್ಯದರ್ಶಿಗಳಿಗೆ ನಿಜ ಹೇಳಿದೆ. ಅವರು ನಾನು ಬರೆದದ್ದನ್ನೆಲ್ಲಾ ದಿನಾ ಸಂಜೆ ಕೂತು ತಾಳೆ ನೋಡಿದರು, ಒಂದು ಮಾತೂ ಆಡಲಿಲ್ಲ. ಆ ಋಣ ದೊಡ್ಡದು. ಹತ್ತನೇ ದಿನ ಬಿಟ್ಟುಬಿಡುತ್ತೇನೆ ಅಂತ ಮನಶ್ಶಾಸ್ತ್ರಜ್ಞೆಗೆ ಹೇಳಿದೆ. ಅವರು ನನ್ನ ಲೆಕ್ಕವನ್ನೇ ನನಗೆ ಓದಿ ಹೇಳಿದರು. ಐದೂವರೆ ಗಂಟೆಯಲ್ಲಿ ಐದು ಗಂಟೆ ನಿದ್ದೆ ಬಿದ್ದಿತ್ತು. ಮೊತ್ತ ಹೆಚ್ಚಿಲ್ಲ. ಆದರೆ ಚೂರು ಚೂರಾಗಿದ್ದದ್ದು ಒಂದೇ ತುಂಡಾಗಿತ್ತು.

ಇಷ್ಟಾದರೂ ಚಿಲಕ ಹಾಗೇ ಇತ್ತಲ್ಲ. ಅದಕ್ಕೊಂದು ದಾರಿ ಮನೆಯವರು ಹುಡುಕಿದರು. ಕೊಟ್ಟಿಗೆಯಲ್ಲಿ ಹಳೆಯ ದನದ ಗಂಟೆ ನೇತು ಹಾಕಿತ್ತು. ಅದನ್ನು ತಂದು ಬಾಗಿಲಿನ ಚಿಲಕಕ್ಕೆ ಕಟ್ಟಿದರು. ಮುಟ್ಟಿದರೆ ಇಡೀ ಮನೆಗೆ ಕೇಳುತ್ತದೆ. ನನ್ನ ಕಿವಿ ಕಾವಲು ಕೂರಬೇಕಾಗಿಲ್ಲ. ಸರದಿಯಲ್ಲಿ ಏಳುವುದು ಅಂತ ಮಾಡಿಕೊಂಡೆವು. ವಾರಕ್ಕೆ ಮೂರು ರಾತ್ರಿ ಊರಿನ ಒಬ್ಬ ಹೆಂಗಸು ಬಂದು ಅಮ್ಮನ ಕೋಣೆಯಲ್ಲಿ ಮಲಗುತ್ತಾರೆ, ಅದರ ಖರ್ಚು ತಮ್ಮ ಕೊಡುತ್ತಾನೆ. ಇದನ್ನು ಎರಡು ವರ್ಷ ಮೊದಲೇ ಕೇಳಬಹುದಿತ್ತು. ಮಗಳಾಗಿ ನಾನೇ ನೋಡಿಕೊಳ್ಳಬೇಕು ಅಂತ ಕೇಳಿರಲಿಲ್ಲ.

ಅಮ್ಮನ ರಾತ್ರಿಯನ್ನೂ ಸ್ವಲ್ಪ ಸರಿ ಮಾಡಿದೆವು. ಡೊನೆಪೆಜಿಲ್ ರಾತ್ರಿ ತೆಗೆದುಕೊಂಡರೆ ಕೆಲವರಿಗೆ ನಿದ್ದೆ ಕೆಡುತ್ತದೆ, ಕೆಟ್ಟ ಕನಸು ಬೀಳುತ್ತವೆ. ಡಾಕ್ಟರು ಹೇಳಿದ ಮೇಲೆ ಅವಳದು ಮೊದಲೇ ಬೆಳಿಗ್ಗೆಗೆ ಬದಲಾಗಿತ್ತು. ಬೆಳಗಿನ ಬಿಸಿಲಲ್ಲಿ ಅಂಗಳದಲ್ಲಿ ಅರ್ಧ ಗಂಟೆ ನಡೆಸುತ್ತೇವೆ. ಮಧ್ಯಾಹ್ನ ಜಾಸ್ತಿ ಹೊತ್ತು ಮಲಗಲು ಬಿಡುವುದಿಲ್ಲ. ಕತ್ತಲಾಗುವ ಮೊದಲೇ ಎಲ್ಲಾ ದೀಪ ಹಾಕುತ್ತೇವೆ. ಒಂದು ಸಲ ಮೂರು ದಿನದಲ್ಲಿ ಅವಳ ಗೊಂದಲ ಇದ್ದಕ್ಕಿದ್ದಂತೆ ಏರಿತು, ನನ್ನನ್ನೇ ಗುರುತಿಸಲಿಲ್ಲ. ಮೂತ್ರದ ಸೋಂಕು ಆಗಿತ್ತು. ಔಷಧ ಕೊಟ್ಟ ಮೇಲೆ ಇಳಿಯಿತು. ಆಲ್ಝೈಮರ್ ನಿಧಾನವಾಗಿ, ತಿಂಗಳು ವರ್ಷಗಳಲ್ಲಿ ಇಳಿಯುವ ದಾರಿ. ಹೀಗೆ ದಿನಗಳಲ್ಲಿ ಕುಸಿದರೆ ಬೇರೇನೋ ಇದೆ ಅಂತ ಕೂಡಲೇ ತೋರಿಸಬೇಕು. ಮನೆಯಲ್ಲಿ ಇಂಥವರು ಇರುವ ಎಲ್ಲರಿಗೂ ಇದನ್ನು ಕೈ ಹಿಡಿದು ಹೇಳಬೇಕು ಅನ್ನಿಸುತ್ತದೆ.

ನಿದ್ದೆ ಹಾಸಿಗೆಯ ಹೊತ್ತಿನಲ್ಲಿ ನೂರಕ್ಕೆ 85 ದಾಟಿದ ವಾರ ಹದಿನೈದು ನಿಮಿಷ ಮೊದಲು ಮಲಗಲು ಅನುಮತಿ. ಹನ್ನೆರಡು ಹೋಗಿ ಹನ್ನೊಂದೂಮುಕ್ಕಾಲು. ಆಮೇಲೆ ಹನ್ನೊಂದೂವರೆ. ನಡುವೆ ಎರಡು ಸಲ ಹಿಂದೆ ಬಿದ್ದೆ. ಮೂರು ತಿಂಗಳಿಗೆ ಆರು ಗಂಟೆ ಗಟ್ಟಿ ನಿದ್ದೆ. ಪ್ರಾಣಿಗಳ ಹೆಸರು, ನೂರರಿಂದ ಏಳು, ಇವನ್ನು 2024ರ ಮಾರ್ಚ್‌ನಲ್ಲಿ ಮತ್ತೆ ಮಾಡಿಸಿದರು. 93, 86, 79, 72, 65. ಪ್ರಾಣಿಗಳು ಹತ್ತೊಂಬತ್ತು. ಕಥೆಯಲ್ಲಿ ಒಂದು ವಿವರ ಬಿಟ್ಟುಹೋಯಿತು, ಅದು ಎಲ್ಲರಿಗೂ ಬಿಟ್ಟುಹೋಗುವಂಥದ್ದು ಅಂದರು. ಎರಡು ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ ಅಂತ ಬರೆದುಕೊಟ್ಟಿದ್ದಾರೆ. ಈಗಲೂ ಒಮ್ಮೊಮ್ಮೆ ಯಾರದೋ ಹೆಸರು ಬರುವುದಿಲ್ಲ. ತಡೆದು, ಮಧ್ಯಾಹ್ನ ಊಟ ಮಾಡುವಾಗ ತಾನೇ ಬರುತ್ತದೆ.

ಅಮ್ಮನ ಮಾತ್ರೆಗೆ ಈಗ ವಾರದ ಏಳು ಖಾನೆಯ ಡಬ್ಬಿ ಇದೆ. ಖಾನೆ ಖಾಲಿ ಇದ್ದರೆ ಕೊಟ್ಟಾಗಿದೆ. ನನ್ನ ನೆನಪನ್ನು ಕೇಳುವ ಅಗತ್ಯವೇ ಇಲ್ಲ. ನಿದ್ದೆಯ ಲೆಕ್ಕ ಬರೆಯುವುದನ್ನು ನಡುವೆ ನಿಲ್ಲಿಸಿದ್ದೆ. ಈ ವಾರ ಮಳೆಗೆ ಕರೆಂಟ್ ಹೋಗಿ ಅಮ್ಮ ಮತ್ತೆ ರಾತ್ರಿ ಏಳುತ್ತಿದ್ದಾಳೆ, ಹಾಗಾಗಿ ಮತ್ತೆ ಶುರು ಮಾಡಿದ್ದೇನೆ. ನಿನ್ನೆಯ ಸಾಲಿನಲ್ಲಿ ಹೀಗಿದೆ: ಮಲಗಿದ್ದು 11:15. ಎದ್ದದ್ದು 5:30. ಗಂಟೆ ಬಾರಿಸಿದ್ದು ಎರಡು ಸಲ. ಒಂದು ಸಲ ಮನೆಯವರು ಎದ್ದರು, ಒಂದು ಸಲ ನಾನು. ಅಮ್ಮನಿಗೆ ನೀರು ಕೊಟ್ಟು, ಸೀರೆಯ ಗಂಟನ್ನು ಅವಳ ತಲೆದಿಂಬಿನ ಪಕ್ಕದಲ್ಲೇ ಇಟ್ಟು, ಬೆಳಗಾದ ಮೇಲೆ ಹೊರಡೋಣ ಅಂದೆ. ವಾಪಸ್ ಬಂದು ಮಲಗಿದ ಮೇಲೆ ನಿದ್ದೆ ಬಂದದ್ದು ಸುಮಾರು ಹತ್ತು ನಿಮಿಷಕ್ಕೆ.